ವೆಬ್‌ಸೈಟ್ ಕಾಕಾ

ಕಲಬುರಗಿಯ ಗಾಜಿಪುರದಲ್ಲಿ ‘ವೆಬ್‌ಸೈಟ್ ಕಾಕಾನ ಮನಿ ಯಾವುದು?’ ಎಂದು ಕೇಳಿ ನೋಡಿ. ಪಾನ್ ಅಂಗಡಿಯವ ದಾರಿಯನ್ನೂ ತೋರಿಸುತ್ತಾನೆ, ಎಚ್ಚರಿಕೆಯನ್ನೂ ಕೊಡುತ್ತಾನೆ: “ಚಾ ಕೊಟ್ರ ಕುಡೀಬ್ಯಾಡ್ರಿ. ಕಪ್ ಕೆಳಗ ಇಡೂದ್ರಾಗ ಕಂಪ್ಯೂಟರ್ ಚಾಲೂ ಮಾಡಿರ್ತಾರ.”

ಕಾಕಾ ಬ್ಯಾಂಕಿನಿಂದ ನಿವೃತ್ತರು. ಗುಂಬಜಗಳ ಹುಚ್ಚು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯದ ರಾಜಧಾನಿಯಾಗಿದ್ದ ಊರಲ್ಲಿ ಈ ಹುಚ್ಚಿಗೆ ಮೇವಿನ ಕೊರತೆಯಿಲ್ಲ. ಅವರ ಮೊದಲ ತಾಣ ಹುಟ್ಟಿದ್ದು ಸೂಪರ್ ಮಾರ್ಕೆಟ್ ಕಡೆಯ ಸೈಬರ್ ಕೆಫೆಯಲ್ಲಿ, ಯಾಹೂದವರ ಜಿಯೋಸಿಟೀಸ್ ಕೊಟ್ಟ ಪುಕ್ಕಟೆ ಜಾಗದಲ್ಲಿ. ಮೇಲೆ ಓಡುವ ಅಕ್ಷರದ ‘ಸುಸ್ವಾಗತ’, ನಡುವೆ ಗುದ್ದಲಿ ಎತ್ತಿಳಿಸುವ ಕೂಲಿಯ ‘ಕೆಲಸ ನಡೆದಿದೆ’ ಚಿತ್ರ, ಕೆಳಗೆ ಬಂದವರನ್ನು ಎಣಿಸುವ ಮೀಟರು. ಆ ಕೂಲಿ ಇವತ್ತಿಗೂ ಅಗೆಯುತ್ತಲೇ ಇದ್ದಾನೆ. ಮೀಟರು ಕಾಕಾ ತಾವೇ ತೆರೆದಾಗಲೂ ಒಂದು ಏರುತ್ತದೆ. ಅದು ಗೊತ್ತಿದ್ದೂ ದಿನಾ ಬೆಳಿಗ್ಗೆ ನೋಡಿ ಹಿಗ್ಗುತ್ತಾರೆ.

ಬರೆದದ್ದು ಬರಹ ಫಾಂಟಿನಲ್ಲಿ. ಫಾಂಟ್ ಇಲ್ಲದವರಿಗೆ ಬಹಮನಿ ಸುಲ್ತಾನರೆಲ್ಲ ಕೊಂಬು, ಚುಕ್ಕಿ, ಕೊಕ್ಕೆಗಳಾಗಿ ಕಾಣುತ್ತಿದ್ದರು. ಮುಂದೆ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತುಗಳು ಪಕ್ಕದ ಅಕ್ಷರದ ಮೇಲೆ ಹೋಗಿ ಕೂತವು. ಒಂದೊಂದನ್ನೇ ಕೈಹಿಡಿದು ಸ್ವಸ್ಥಾನಕ್ಕೆ ಕರೆತರುವುದರಲ್ಲಿ ಒಂದು ಮಳೆಗಾಲ ಮುಗಿಯಿತು. 2009ರಲ್ಲಿ ಜಿಯೋಸಿಟೀಸೇ ಬಾಗಿಲು ಹಾಕಿತು. ಆಮೇಲೆ ಒಂದು ಕಂಪನಿ, ಅದು ಬೆಲೆ ಏರಿಸಿದ ಮೇಲೆ ಇನ್ನೊಂದು. ಬಹಮನಿಗಳು ರಾಜಧಾನಿಯನ್ನು ಬೀದರಿಗೆ ಒಯ್ದದ್ದು ಒಂದೇ ಸಲ. ಅವರ ಚರಿತ್ರೆ ಹೊತ್ತುಕೊಂಡು ಕಾಕಾ ಎಷ್ಟೋ ಸಲ ಗಂಟುಮೂಟೆ ಕಟ್ಟಿದ್ದಾರೆ.

ಒಂದು ವಿಳಾಸದಲ್ಲಿ ನೆಲೆ ನಿಂತರು ಎನ್ನುವಷ್ಟರಲ್ಲಿ 2014ರ ನವೆಂಬರ್ 1 ಬಂತು. ಗುಲ್ಬರ್ಗ ಕಲಬುರಗಿಯಾಯಿತು. ತಾಣದ ಹೆಸರಲ್ಲಿದ್ದದ್ದು ಗುಲ್ಬರ್ಗ! ಹಳೆಯದನ್ನು ಬಿಟ್ಟರೆ ಹಳೇ ಓದುಗರು ದಾರಿ ತಪ್ಪುತ್ತಾರೆ. ಹೊಸದು ಕೊಳ್ಳದಿದ್ದರೆ ಊರಿಗೇ ಅವಮಾನ. ಈಗ ಪ್ರತಿ ವರ್ಷ ಎರಡಕ್ಕೂ ರೊಕ್ಕ ಕಟ್ಟುತ್ತಾರೆ. “ಆ ರೊಕ್ಕದಾಗ ವರ್ಷದ ತೊಗರಿಬ್ಯಾಳಿ ಬರ್ತಿತ್ತು” ಎಂದು ಕಾಕು ಒಗ್ಗರಣೆ ಹಾಕುತ್ತಲೇ ಹೇಳುತ್ತಾರೆ.

ಸೊಸೆ ಪುಣೆಯಲ್ಲಿ ಸಾಫ್ಟ್‌ವೇರಿನವಳು. “ಮಾವಾರ, ಫೇಸ್‌ಬುಕ್ಕಿನಾಗ ಹಾಕ್ರಿ. ಲೈಕ್ ಬರ್ತಾವ” ಅಂದಳು. ಕಾಕಾ ಮರಣಪಟ್ಟಿ ಓದಿದರು: “ಆರ್ಕುಟ್ 2014ರಾಗ ಹೋತು. ಗೂಗಲ್ ಪ್ಲಸ್ 2019ರಾಗ ಹೋತು. ಅವೆಲ್ಲಾ ಬಾಡಿಗಿ ಮನಿ ತಂಗಿ, ಮಾಲಕ ಯಾವಾಗ ಹೊರಗ ಹಾಕ್ತಾನೋ! ಇದು ಸಣ್ಣದಿದ್ರೂ ಸ್ವಂತದ್ದು.” ಸ್ವಂತ ಮನೆಯೂ ವರ್ಷದ ಬಾಡಿಗೆಯ ಮೇಲೇ ನಿಂತಿದೆ ಎಂದು ಸೊಸೆ ಹೇಳಲಿಲ್ಲ. ಸಂಸ್ಕಾರವಂತೆ.

ಕಾಕಾನ ಫೋಟೊಗಳಿಗೊಂದು ಗುರುತುಂಟು. ಗುಂಬಜಿನ ಎತ್ತರ ಜನಕ್ಕೆ ತಿಳಿಯಲೆಂದು ಪ್ರತಿಯೊಂದರಲ್ಲೂ ತಮ್ಮ ಸ್ಕೂಟರ್ ನಿಲ್ಲಿಸುತ್ತಾರೆ. ಹಫ್ತ್ ಗುಂಬಜಿನಲ್ಲಿ ಮಲಗಿರುವ ಫಿರೋಜ್ ಶಾಹ 1422ರಲ್ಲಿ ತೀರಿಕೊಂಡವನು. ಅವನ ಚಿತ್ರದ ಮೂಲೆಯಲ್ಲೂ ಕೆಎ 32ರ ಸ್ಕೂಟರೊಂದು ಸ್ಟ್ಯಾಂಡ್ ಹಾಕಿ ನಿಂತಿದೆ.

ಮೊನ್ನೆ ಬೀಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ‘ಶುಭೋದಯ’ ಬಂತು. ಹಿಂದೆ ಚೋರ್ ಗುಂಬಜ್, ಮೇಲೆ ಎರಡು ಗುಲಾಬಿ, ಕೆಳಗೆ ಯಾರದೋ ಹೆಸರು. ಫೋಟೊ ಮಾತ್ರ ಕಾಕಾನದು. ಕಾಕು ಕೆಂಡವಾದರು: “ಕಳವು ಮಾಡ್ಯಾರ! ನಿಮ್ಮ ಹೆಸರs ಇಲ್ಲಲ್ರೀ!”

ಕಾಕಾ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಮೂಲೆ ತೋರಿಸಿದರು.

“ಹೆಸರ್ಯಾಕ? ಗಾಡಿ ನಂಬರ್ ಸ್ವಚ್ಛ ಕಾಣ್ತದ ನೋಡು.”