ಬೇಲಿಯಾಚೆ ಕಾಣುವಂತಿರಲಿ

ಸಕಲೇಶಪುರ, ಆಲೂರು ಕಡೆ ಹೊಸದಾಗಿ ತೋಟ ಕೊಂಡು ಮನೆ ಕಟ್ಟಿಸುತ್ತಿರುವ ಎಲ್ಲರಿಗೆ,

ನಿಮ್ಮಲ್ಲೊಬ್ಬರು ಹೋದ ವಾರ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕೇಳಿದರು: "ಬೇಗ ಹಬ್ಬೋ ಬಳ್ಳಿ ಯಾವುದಿದೆ ಹೇಳಿ. ಒಂದು ಮಳೆಗಾಲದಲ್ಲಿ ತಂತಿಬೇಲಿ ಪೂರ್ತಿ ಮುಚ್ಚಿಬಿಡಬೇಕು." ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ಹಾನುಬಾಳಿನಿಂದ ಕೆಂಚಮ್ಮನ ಹೊಸಕೋಟೆವರೆಗೆ ಹೊಸ ಗೇಟು ಎದ್ದಲ್ಲೆಲ್ಲ ಇದೇ ಪ್ರಶ್ನೆ ಕೇಳಿಬರುತ್ತಿದೆ. ಅದಕ್ಕೇ ಈ ಪತ್ರ.

ಬೇಗ ಬೆಳೆಯುವ ಬಳ್ಳಿಯನ್ನು ನಮ್ಮಲ್ಲಿ ಹುಡುಕಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದರೆ ಬೇಲಿಗೆ ಹುಗಿದ ಹಾಲವಾಣದ ಗೂಟವೂ ಚಿಗುರುತ್ತದೆ. ಕಷ್ಟ ಇರುವುದು ಬೆಳೆದದ್ದನ್ನು ನಿಲ್ಲಿಸುವುದರಲ್ಲಿ. ಕೆಲವು ವರ್ಷಗಳ ಹಿಂದೆ ನಾನೂ ಗೇಟಿನ ಪಕ್ಕ ನೀಲಿ ಹೂವಿನ ಥನ್‌ಬರ್ಜಿಯಾ ನೆಟ್ಟಿದ್ದೆ. ಮೊದಲ ವರ್ಷ ಹೂ ನೋಡಿ ಬಂದವರೆಲ್ಲ ಕಡ್ಡಿ ಕೇಳಿದರು. ಎರಡನೇ ವರ್ಷ ಅದು ಸಿಲ್ವರ್ ಮರ ಹತ್ತಿತು, ಅದರ ಪಕ್ಕದ ಸೋಲಾರ್ ಬೇಲಿಗೂ ಇಳಿಯಿತು.

ಸೋಲಾರ್ ಬೇಲಿಯಲ್ಲಿ ಕರೆಂಟು ಸದಾ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಟಿಕ್, ಟಿಕ್ ಎಂದು ಹೊಡೆತ ಹೋಗುತ್ತದೆ. ತಂತಿಗೆ ಹಸಿ ಬಳ್ಳಿ ತಾಗಿದರೆ ಆ ಹೊಡೆತ ಬಳ್ಳಿಯ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ. ಪುಷ್ಯ ಮಳೆಯ ಒಂದು ಬೆಳಿಗ್ಗೆ ಹೋಗಿ ನೋಡಿದೆ. ತಂತಿಗೆ ತಾಗಿದ ಎಲೆಯ ತುದಿ ಸುಟ್ಟು ಕಂದಾಗಿತ್ತು. ಅದರ ಒತ್ತಿನಲ್ಲೇ ಇನ್ನೊಂದು ಎಳೆ ಕುಡಿ ತಂತಿಯನ್ನು ಎರಡು ಸುತ್ತು ಸುತ್ತಿಕೊಂಡು ಮುಂದೆ ಹೋಗಿತ್ತು. ಹತ್ತು ಮಾರು ದೂರದಲ್ಲಿ ಎರಡು ಗೂಟ ಮುರಿದಿದ್ದವು. ಒಳಗೆ ಬಾಳೆ ಇರಲಿಲ್ಲ. ಕಾಫಿ ಗಿಡಗಳ ನಡುವೆ ಬಕೆಟ್ಟಿನಷ್ಟು ಅಗಲದ ಆನೆ ಹೆಜ್ಜೆಗಳಲ್ಲಿ ನೀರು ನಿಂತಿತ್ತು.

ಬಳ್ಳಿ ಕಡಿದೆವು. ಮತ್ತೆ ಬಂತು. ಅಗೆದರೆ ಕೆಳಗೆ ಗೆಡ್ಡೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಬಳ್ಳಿ ಮಳೆಕಾಡಿನ ಮರಗಳನ್ನು ಮುಚ್ಚಿ ಬೀಳಿಸುವ ಕಳೆಯೆಂದು ಆಮೇಲೆ ಓದಿ ತಿಳಿದೆ. ಮಿಕೇನಿಯಾ ಎಂಬ ಇನ್ನೊಂದು ಬಳ್ಳಿಯ ಕಥೆ ಇನ್ನೂ ಘೋರ. ದಕ್ಷಿಣ ಅಮೆರಿಕದ ಕಡೆಯ ಆ ಬಳ್ಳಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನ ವಿಮಾನ ನಿಲ್ದಾಣಗಳನ್ನು ಮರೆಮಾಡಲು ತಂದರೆಂದು ಹೇಳುತ್ತಾರೆ. ಬೇಗ ಮುಚ್ಚಲಿ ಎಂದೇ ತಂದದ್ದು. ಈಗ ಕೇರಳ, ಕೊಡಗಿನವರೆಗೂ ಮುಚ್ಚುತ್ತಾ ಬಂದಿದೆ. ಅದರ ಬೀಜ ಗಾಳಿಯಲ್ಲಿ ಹಾರುತ್ತದೆ, ಕಡಿದ ತುಂಡಿನ ಗೆಣ್ಣು ನೆಲಕ್ಕೆ ತಾಗಿದರೆ ಬೇರು ಬಿಡುತ್ತದೆ. ಯಾರಾದರೂ ಕಡ್ಡಿ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ.

ಬಳ್ಳಿಯೇ ಬೇಡ ಎನ್ನುತ್ತಿಲ್ಲ. ಅಡಿಗೆಮನೆ ಹಿಂದೆ ಬಿದಿರಿನ ಚಪ್ಪರ ಹಾಕಿ ತೊಂಡೆ, ಬಸಳೆ, ಹೀರೆ ಹಬ್ಬಿಸಿ. ಒಂದೇ ಮಳೆಗಾಲದಲ್ಲಿ ತುಂಬುತ್ತದೆ, ಸಾರಿಗೂ ಆಗುತ್ತದೆ. ಹೂವೇ ಬೇಕೆಂದರೆ ನಮ್ಮ ಘಟ್ಟದ್ದೇ ಒಂದು ಥನ್‌ಬರ್ಜಿಯಾ ಇದೆ, ಹೆಸರಿನಲ್ಲೇ ಮೈಸೂರು ಇದೆ: ಥನ್‌ಬರ್ಜಿಯಾ ಮೈಸೂರೆನ್ಸಿಸ್. ಹಳದಿ, ಕಡುಗೆಂಪು ಹೂಗಳು ಮಾಲೆಯಂತೆ ಕೆಳಗೆ ಜೋಲುತ್ತವೆ, ಸೂರಕ್ಕಿಗಳು ಬಂದು ತಲೆಕೆಳಗಾಗಿ ನೇತಾಡುತ್ತವೆ. ಮನೆ ಮುಂದೆ ಗಟ್ಟಿ ಕಂಬದ ಚಪ್ಪರಕ್ಕೆ ಅದನ್ನು ಬಿಡಿ, ಬೇಲಿಗೆ ಬೇಡ. ತೋಟದೊಳಗಿನ ಮರಗಳಿಗೆ ಮೆಣಸು ಹಬ್ಬಿಸಿ. ಫಸಲಿಗೆ ಮೂರು ವರ್ಷ ಕಾಯಬೇಕು, ಕಾಯಿರಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೇಲಿ ಮುಚ್ಚಿಹೋಗಬೇಕು ಎಂದಿರಲ್ಲ, ನಮಗೆ ಬೇಕಾದದ್ದು ಅದಕ್ಕೆ ವಿರುದ್ಧ: ಆಚೆ ಆನೆ ನಿಂತಿದ್ದರೆ ಕಾಣಬೇಕು. 2014ರ ಹೊತ್ತಿಗೆ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ ಕಾಡಾನೆಯ ಎದುರು ಸತ್ತ. ಬುತ್ತಿ ಹಿಡಿದು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟ ಹೆಂಗಸಿನ ಪಾಡೇನು?

ನಮ್ಮ ತೋಟಕ್ಕೆ ಬರುವ ಅಕ್ಕಂದಿರನ್ನು ಒಮ್ಮೆ ಗಮನಿಸಿ. ರಸ್ತೆಯ ತಿರುವು ಬಂದಾಗ ಮಾತು ನಿಲ್ಲಿಸುತ್ತಾರೆ. ಮುಂದಿದ್ದವರು ಬಾಗಿ, ತಂತಿಯ ಸಂದಿನಿಂದ ಆಚೆ ನೋಡುತ್ತಾರೆ. ಮಂಜಿನಲ್ಲಿ ಬೂದು ಬಣ್ಣ ಅಲುಗುತ್ತದೆಯೇ, ಲದ್ದಿಯ ವಾಸನೆ ಇದೆಯೇ ಎಂದು ನೋಡಿಕೊಂಡು, ಹಿಂದಿನವರಿಗೆ ಕೈಸನ್ನೆ ಮಾಡಿ, ಆಮೇಲೆ ಹೆಜ್ಜೆ ಇಡುತ್ತಾರೆ. ಆ ತಿರುವಿನಲ್ಲಿ ಹಸಿರು ಗೋಡೆ ಎದ್ದರೆ ಅವರಿಗೆ ನೋಡಲು ಸಂದಿಯೇ ಉಳಿಯುವುದಿಲ್ಲ.

ನಿಮ್ಮ ಜಮೀನಿನಲ್ಲೂ ಅಂಥ ಮೂಲೆ ಇರುತ್ತದಲ್ಲ, ದಾರಿ ಹೊರಳುವಲ್ಲಿ. ಅಲ್ಲಿ ಏನೂ ನೆಡಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಂತಿಯ ಬುಡ ಸವರಿಸಿ. ಆಳು ಸಿಗದಿದ್ದರೆ ಹೇಳಿ ಕಳಿಸಿ, ಕತ್ತಿ ಹಿಡಿದು ನಾನೇ ಬರುತ್ತೇನೆ.

ಇಂತಿ,
ನಿಮ್ಮ ನೆರೆಯ ಕಾಫಿ ಬೆಳೆಗಾರ