ಟ್ರಾಲಿಭಾರ ಮೀಮಾಂಸೆ

ಕಾರಿನ ಹಿಂದೆ ದೋಣಿ ಕಟ್ಟಿ ರಸ್ತೆಯ ಮೇಲೆ ಎಳೆದೊಯ್ಯುವ ವಿದ್ಯೆಯ ಬಗ್ಗೆ ಅಮೆರಿಕದವರು ಬೇಕಾದಷ್ಟು ಬರೆದಿದ್ದಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬ ನಮ್ಮ ಪಂಚಕ್ಷೇತ್ರಗಳಲ್ಲಿ ಆ ಶಾಸ್ತ್ರ ಬೆಳೆಯಲಿಲ್ಲ. ಕಾಗಿಣಾ ನದಿ ಬೇಸಿಗೆಯಲ್ಲಿ ದೋಣಿ ತೇಲಿಸುವುದಿಲ್ಲ, ಮಳೆಗಾಲದಲ್ಲಿ ಸೇತುವೆಯನ್ನೇ ಮುಳುಗಿಸುತ್ತದೆ. ಹಾಗಿದ್ದೂ ಪ್ರಸ್ತುತ ಗ್ರಂಥಕರ್ತನಿಗೆ ಈ ವಿಷಯದಲ್ಲಿ ಅಧಿಕಾರವುಂಟು. ನಾವು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೇರುವ ಶಹಾಬಾದ್ ಪರ್ಸಿ ಕಲ್ಲು, ಎಷ್ಟೋ ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು. ದೋಣಿ ನೀರಿಗೆ ಹೋಗುವಂಥದ್ದು, ಪರ್ಸಿ ನೀರಿನಿಂದ ಬಂದದ್ದು. ಶಾಸ್ತ್ರಸಂಬಂಧಕ್ಕೆ ಇಷ್ಟು ಸಾಕು.

ಪೂರ್ವಸೂರಿಗಳನ್ನು ನೆನೆಯುವುದು ಪದ್ಧತಿ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಭಿನ್ನರಾಶಿಯುಂಟು, ತ್ರೈರಾಶಿಕವುಂಟು, ನೆರಳಿನ ಲೆಕ್ಕಕ್ಕೂ ಒಂದು ಪ್ರಕರಣವುಂಟು. ಕೊಂಡಿಯ ಮೇಲೆ ಎಷ್ಟು ಭಾರ ಇಳಿಯಬೇಕೆಂಬುದು ಮಾತ್ರ ಇಲ್ಲ. ಚಿತ್ತಾಪುರದ ಬಳಿ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದ ಶಾಸ್ತ್ರಗಳ ಪಾಠ ನಡೆಯುತ್ತಿತ್ತು, ಗ್ರಂಥಭಂಡಾರವೂ ಇತ್ತು. ಬಂಡಿ ಹೇರಲು ಕಲಿಸುವ ಉಪಾಧ್ಯಾಯನಿಗೆ ದತ್ತಿ ಬಿಟ್ಟಂತಿಲ್ಲ. ಇದನ್ನು ಹಿರಿಯರ ಅಲಕ್ಷ್ಯವೆಂದು ತಿಳಿಯಬಾರದು. ಅವರ ಹತ್ತಿರ ಎತ್ತು ಇತ್ತು.

ಬಂಡಿಯ ಮುಂದುಗಡೆ ಅತಿಯಾಗಿ ಹೇರಿದರೆ ನೊಗ ಹೆಗಲನ್ನು ಒತ್ತಿ ಎತ್ತು ಮುಗ್ಗರಿಸುತ್ತದೆ. ಹಿಂದುಗಡೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿದು, ಎತ್ತು ಹೆಜ್ಜೆಯನ್ನೇ ಕೀಳುವುದಿಲ್ಲ. ಒಕ್ಕಲಿಗ ಇಳಿದು ಎರಡು ಚೀಲ ತೊಗರಿ ಆಚೀಚೆ ಸರಿಸಿದರೆ ಸಮಸ್ಯೆ ಪರಿಹಾರ. ಟ್ರ್ಯಾಕ್ಟರಿಗೆ ಹೆಗಲೂ ಇಲ್ಲ, ತಕರಾರೂ ಇಲ್ಲ. ಆದಕಾರಣ ಪ್ರಬಂಧ ಬೇಕಾಯಿತು.

ಇನ್ನು ಪೂರ್ವಪಕ್ಷ. ಶಹಾಬಾದ್ ಸೀಮೆಯ ಗಣಿಗಳಲ್ಲಿ ಪ್ರಬಲವಾಗಿರುವುದು ‘ಏನಾಗಲ್ಲವಾದ’. ಹೇರುವ ಹೊತ್ತಿಗೆ ಹೋಗಿ ನಿಂತರೆ ಅದರ ಮೂಲಪಾಠ ಕಿವಿಗೆ ಬೀಳುತ್ತದೆ:

“ಕಾಕಾ, ಹಿಂದ ಭಾಳ ಆಯ್ತು ನೋಡ್ರಿ.”

“ಏನಾಗಲ್ಲ ತಗೋ ತಮ್ಮಾ. ಇನ್ನಾ ಹತ್ತು ಪರ್ಸಿ ಹಾಕು.”

ಈ ಮತಕ್ಕೆ ಪ್ರತ್ಯಕ್ಷವೊಂದೇ ಪ್ರಮಾಣ: ನಿನ್ನೆ ಏನೂ ಆಗಲಿಲ್ಲ.

ಖಂಡನೆ ಹೀಗೆ. ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಪರ್ಸಿಯೊಂದು ಸುಮಾರು 37 ಕಿಲೊ ತೂಗುತ್ತದೆ. ಕಾಕಾನ ಹತ್ತಕ್ಕೆ 370 ಕಿಲೊ. ಎರಡು ಗಾಲಿಯ ಟ್ರಾಲಿಯಲ್ಲಿ ಇದು ಅಚ್ಚಿನ ಹಿಂದೆ ಬಿತ್ತೆಂದರೆ ಮೂಕಿ ಮೇಲಕ್ಕೆ ಜಗ್ಗುತ್ತದೆ; ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ಸಡಿಲುತ್ತದೆ. ವೇಗ ಏರಿದಂತೆ ಟ್ರಾಲಿ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ, ಓಲಾಟ ಬರಬರುತ್ತ ದೊಡ್ಡದಾಗುತ್ತದೆ. ಆಗ ಬ್ರೇಕ್ ಒದೆಯುವವನು ಮತವನ್ನೂ ಟ್ರಾಲಿಯನ್ನೂ ಒಟ್ಟಿಗೆ ಹಳ್ಳಕ್ಕಿಳಿಸುತ್ತಾನೆ. ಆಕ್ಸಿಲರೇಟರ್ ಮೆಲ್ಲಗೆ ಬಿಡುವವನು ಉಳಿಯುತ್ತಾನೆ. ದೋಣಿಶಾಸ್ತ್ರದವರು ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಲಿ ಎನ್ನುತ್ತಾರೆ. ನಮ್ಮ ಎತ್ತಿನ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ: ಭಾರ ಅಚ್ಚಿಗಿಂತ ತುಸು ಮುಂದಿರಲಿ.

‘ತುಸು’ ಎಂಬುದನ್ನು ಕೇಳಿಸಿಕೊಳ್ಳದವರೂ ಇದ್ದಾರೆ. ಅವರು ಕಲ್ಲನ್ನೆಲ್ಲ ಮುಂದಕ್ಕೆ ತಳ್ಳುತ್ತಾರೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ, ಸ್ಟೇರಿಂಗ್ ತಿರುಗಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಚಿಂಚೋಳಿ ಕಡೆಯ ಏರಿನಲ್ಲಿ ಗಾಲಿ ನೆಲ ಬಿಟ್ಟೇ ಏಳಬಹುದು. ಕೊಂಡಿಯನ್ನು ಅದರ ಜಾಗಕ್ಕಿಂತ ಎತ್ತರದಲ್ಲಿ ಕಟ್ಟಿದವನ ಮೇಲೆ ಟ್ರ್ಯಾಕ್ಟರೇ ಹಿಮ್ಮಗುಚಿ ಬೀಳುತ್ತದೆ.

ವಾಡಿ ಪಂಥದವರು ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ನೋಡುತ್ತ ಬೆಳೆದವರು. ವ್ಯಾಗನ್ನಿನ ಭಾರ ವ್ಯಾಗನ್ನಿನ ಗಾಲಿಗೆ, ಕೊಂಡಿ ಬರೀ ಎಳೆಯಲಿಕ್ಕೆ ಎಂಬುದು ಅವರ ವಾದ. ನಾಲ್ಕು ಗಾಲಿಯ ಟ್ರಾಲಿಯ ಮಟ್ಟಿಗೆ ಒಪ್ಪಿದೆ.

ಯಾವ ಪಂಡಿತನೂ ಮುಟ್ಟದ ಅಧ್ಯಾಯವೆಂದರೆ ಇಳಿಸುವುದು. ಪರ್ಸಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹೇರುವುದು ರೂಢಿ. ಮನೆ ಕಟ್ಟುವವರ ಬಾಗಿಲಲ್ಲಿ ಎರಡು ಗಾಲಿಯ ಟ್ರಾಲಿ ಕಳಚಿ, ಕೈಗೆ ಸಿಕ್ಕ ಮುಂದಿನ ಕಲ್ಲನ್ನೇ ಮೊದಲು ಇಳಿಸಿದರೆ, ಹಿಂದೆ ಉಳಿದದ್ದು ಗೆಲ್ಲುತ್ತದೆ. ಮೂಕಿ ಒಮ್ಮೆಲೆ ಆಕಾಶಕ್ಕೇಳುತ್ತದೆ; ಬೀಡಿ ಹಚ್ಚಿಕೊಂಡು ಅದರ ಮೇಲೆ ಬಗ್ಗಿದವನ ಗದ್ದ ದಾರಿಯಲ್ಲೇ ಸಿಗುತ್ತದೆ. ಬಾಲ ನೆಲಕ್ಕೆ ಬಡಿದು, ನಿಂತ ಪರ್ಸಿಗಳು ಒಂದರ ಮೇಲೊಂದು ಜಾರಿಬರುತ್ತವೆ, ಕೆಳಗೆ ಹಮಾಲರು ಕೈ ಚಾಚಿಕೊಂಡು ನಿಂತಿರುತ್ತಾರೆ. ಈ ಭಾಗ ಬರೆಯುವಾಗ ಗ್ರಂಥಕರ್ತನಿಗೆ ಅಣಕು ಮಾಡಲು ಮನಸ್ಸಾಗಲಿಲ್ಲ. ಟ್ರಾಲಿ ಟ್ರ್ಯಾಕ್ಟರಿಗೆ ಕಟ್ಟಿಯೇ ಇರಲಿ, ಗಾಲಿಗೆ ಕಲ್ಲು ಕೊಡಿ, ಹಿಂದಿನಿಂದ ಇಳಿಸುತ್ತ ಬನ್ನಿ.

ಸಿದ್ಧಾಂತದ ಉಳಿಕೆಯನ್ನು ಬೇಗ ಮುಗಿಸುತ್ತೇನೆ. ಕೊಂಡಿಗೆ ಅದರದೇ ಪಿನ್ನು ಹಾಕಬೇಕು, ಮನೆ ಕಟ್ಟಿ ಉಳಿದ ಸರಳಿನ ತುಂಡಲ್ಲ, ಜೊತೆಗೊಂದು ಸರಪಳಿ. ಹೊಲದಲ್ಲಿ ಬಿಡಿಬಿಡಿಯಾಗಿ ತುಳಿಯುವ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬಂದೊಡನೆ ಒಂದಕ್ಕೊಂದು ಕೂಡಿಸಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವುದು ಏನಾಗಲ್ಲವಾದದ ಉಪಶಾಖೆ, ಅದೂ ತ್ಯಾಜ್ಯ.

ಓದುಗರಲ್ಲಿ ಬಿನ್ನಹ: ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಮದುವೆಗೆ, ಜಾತ್ರೆಗೆ ಅದರಲ್ಲಿ ಜನ ತುಂಬಬೇಡಿ. ಪರ್ಸಿಯಾದರೆ ಹೇರಿದ ಕಡೆ ಇರುತ್ತದೆ. ಬೀಗರು ಗಾಳಿ ಬರಲೆಂದು ಎಲ್ಲರೂ ಹಿಂದಕ್ಕೇ ಹೋಗಿ ಕೂಡುತ್ತಾರೆ.