ಬೆನ್ನ ಹಿಂದಿನ ದೀಪ

ನನ್ನ ಹ್ಯಾಮ್ ರೇಡಿಯೋದ ದೀಪ ಹೋದದ್ದು ಅಮಾವಾಸ್ಯೆಯ ರಾತ್ರಿ. ಸೆಟ್ಟು ಸತ್ತಿರಲಿಲ್ಲ. ಮಾತು ಬರುತ್ತಿತ್ತು, ಹೋಗುತ್ತಿತ್ತು. ಯಾವ ಅಂಕಿಯ ಮೇಲೆ ಕೂತಿದ್ದೇನೆ ಎಂಬುದಷ್ಟೇ ಕಾಣುತ್ತಿರಲಿಲ್ಲ.

ಅಣ್ಣಿಗೇರಿಯಲ್ಲಿ ರೇಡಿಯೋ ಅಂದರೆ 765 ಕಿಲೋಹರ್ಟ್ಜಿನ ಧಾರವಾಡ ಆಕಾಶವಾಣಿ. ಅದು ಹೇಳುತ್ತದೆ, ನಾವು ಕೇಳುತ್ತೇವೆ. ಮರುಮಾತಾಡುವ ರೇಡಿಯೋವೂ ಉಂಟು, ಅದಕ್ಕೆ ಪರೀಕ್ಷೆ ಬರೆದು ಸರಕಾರದ ಪರವಾನಗಿ ತರಬೇಕು ಅಂದರೆ, "ಮಾತಾಡಾಕೂ ಪರೀಕ್ಷೇನ್ರೀ ಮಾಸ್ತರ?" ಎಂದು ಕಟ್ಟೆಯ ಮಂದಿ ನಗುತ್ತಾರೆ. ನನ್ನಾಕೆಯ ತಕರಾರು ಬೇರೆ. ಹ್ಯಾಮಿನವರು ಮಾತು ಮುಗಿಸುವಾಗ ಶುಭಾಶಯಕ್ಕೆ ‘73’ ಅನ್ನುತ್ತಾರೆ, ತಂತಿ ಕಾಲದ ಸಂಕೇತ ಅದು. "ದಿನಾ ರಾತ್ರಿ ಸೆವೆಂಟಿ ತ್ರೀ, ಸೆವೆಂಟಿ ತ್ರೀ ಅಂತೀರಲ್ಲ, ಯಾವ ಓಸಿ ನಂಬರ್ರೀ ಅದು?"

ಅಂಕಿ ಕಾಣದಿದ್ದರೆ ನಡೆಯುವುದಿಲ್ಲ. 40 ಮೀಟರ್ ಪಟ್ಟಿಯಲ್ಲಿ ನಮಗೆ ಕೊಟ್ಟ ಹೊಲ 7.000ದಿಂದ 7.200 ಮೆಗಾಹರ್ಟ್ಜ್‌ವರೆಗೆ. ಕತ್ತಲಲ್ಲಿ ಬದು ದಾಟಿದರೆ ಎರಿ ಹೊಲದಲ್ಲಾದರೂ ಜಗಳ ಆದೀತು, ಇಲ್ಲಿ ಪರವಾನಗಿಯೇ ಹೋದೀತು. ಕೋಣೆಯ ಎಲ್‌ಇಡಿ ಬಲ್ಬು ಹಾಕಿದೆ. ಅಗ್ಗದ ಬಲ್ಬು, ಅದರ ಹೊಟ್ಟೆಯೊಳಗಿನ ಸರ್ಕ್ಯೂಟು ಸ್ಪೀಕರಿನಲ್ಲಿ ಹಿಟ್ಟಿನ ಗಿರಣಿ ಶುರುಮಾಡಿತು. ಹಚ್ಚಿದರೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆರಿಸಿದರೆ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನೋಡಿದೆ. ಕಂಡಿತು, ಕೇಳಿತು, ಆದರೆ ಆಚೆಯವರಿಗೆ ನಾನು ಹೇಳಿದ್ದು ಬರೀ "ಊಂ ಊಂ".

ಮೊಬೈಲ್ ಅಂಗಡಿಯ ಹುಡುಗ ಸೆಟ್ಟನ್ನು ಎತ್ತಿ, ತೂಕ ನೋಡಿ, "ಸರ, ಇದರ ಡಿಸ್‌ಪ್ಲೇ ಎಲ್ಲೂ ಸಿಗಂಗಿಲ್ರಿ" ಎಂದ. ಡಿಸ್‌ಪ್ಲೇ ಗಟ್ಟಿಮುಟ್ಟಾಗಿಯೇ ಇತ್ತು. ಎಲ್‌ಸಿಡಿ ಅಂಕಿಗೆ ಸ್ವಂತ ಬೆಳಕಿಲ್ಲ, ಬೆನ್ನ ಹಿಂದಿನ ದೀಪದ ಸಾಲದಲ್ಲಿ ಬದುಕುತ್ತದೆ. ನನ್ನ ಹಳೇ ಸೆಟ್ಟಿನಲ್ಲಿ ಆ ದೀಪ ಜೋಳದ ಕಾಳಿನಷ್ಟು ಪುಟ್ಟ ತಂತಿ ಬಲ್ಬು. ತಂತಿ ಕಡಿದಿತ್ತು, ಅಷ್ಟೇ. ಅದರ ಜಾಗಕ್ಕೆ ಒಂದು ಎಲ್‌ಇಡಿ ಕೂರಿಸಿದರಾಯಿತು ಎಂದು ನಾನೇ ಕೂತೆ.

ನವಲಗುಂದದ ಜಮಖಾನದ ಮೇಲೆ ಸೆಟ್ಟು ಬಿಚ್ಚಿದ್ದು ಮೊದಲ ತಪ್ಪು. ಆ ಜಮಖಾನದ ಚೌಕ, ಮೂಲೆ, ಬಣ್ಣಗಳ ನಡುವೆ ಬಿದ್ದ ಸ್ಕ್ರೂ ನೇಯ್ಗೆಯದೇ ಒಂದು ಚುಕ್ಕೆಯಾಗಿಬಿಡುತ್ತದೆ. ಕೊನೆಗೆ ಹಳೇ ಸ್ಪೀಕರಿನ ಆಯಸ್ಕಾಂತವನ್ನು ಅದರ ಮೇಲೆ ಎಳೆದಾಡಿದೆ. ಸ್ಕ್ರೂ ಜೊತೆ ಹೋದ ವರ್ಷ ಕಳೆದ ಹೊಲಿಗೆ ಸೂಜಿಯೂ ಸಿಕ್ಕಿತು. ಮನೆಯಲ್ಲಿ ನನ್ನ ಮಾನ ಉಳಿಸಿದ್ದು ಆ ಸೂಜಿಯೇ.

ಗಣಪತಿಗೆ ಹಾಕುವ ಸೀರಿಯಲ್ ಸೆಟ್ಟಿನಿಂದ ಮೊಮ್ಮಗ ಒಂದು ಬಿಳಿ ಎಲ್‌ಇಡಿ ಕಿತ್ತುಕೊಟ್ಟ. ಅದಕ್ಕೆ ಬೇಕಾದದ್ದು 3 ವೋಲ್ಟು, ಸೆಟ್ಟಿನ ಬ್ಯಾಟರಿ ಕೊಡುವುದು 13.8. ಉಳಿದ 10.8ನ್ನು ನುಂಗಲು ನಡುವೆ ರೆಸಿಸ್ಟರ್ ಇರಬೇಕು. 10 ಮಿಲಿಆಂಪ್ ಹರಿಸಿದರೆ ಸಾಕು, ಸುಮಾರು 1000 ಓಮ್. ಕಂದು, ಕಪ್ಪು, ಕೆಂಪು ಪಟ್ಟಿ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ನನ್ನ ವೈರು, ರೆಸಿಸ್ಟರುಗಳೆಲ್ಲ ಮಲಗಿರುತ್ತವೆ ("ಕೂಸು ಮಲಗೂ ಜಾಗಾ ಅದು!" ಎಂಬ ಬೈಗುಳ ವಾರಕ್ಕೊಮ್ಮೆ). ಹುಡುಕಿ ತೆಗೆದೆ. ಜೀರಿಗೆಯಷ್ಟು ದಪ್ಪದ ಮೈಮೇಲಿನ ಪಟ್ಟಿ ಓದಿದೆ. ಬೆಸೆದೆ. ಸ್ವಿಚ್ ಒತ್ತಿದೆ.

ಆಹಾ! ಕೋಣೆಯೆಲ್ಲ ಬೆಳದಿಂಗಳು. ಆಕೆಯನ್ನು ಕೂಗಿದೆ. ಆಕೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಬೆಳದಿಂಗಳು ನೀಲಿಗಟ್ಟಿ, ಮಿಣಕಿ, ಸುಟ್ಟ ವಾಸನೆಯಾಗಿತ್ತು.

ಮೊಮ್ಮಗ ರೆಸಿಸ್ಟರನ್ನು ತಿರುಗಿಸಿ ನೋಡಿ, "ಅಜ್ಜಾ, ಬಂಗಾರದ ಪಟ್ಟಿ ಬಲಕ್ಕಿರಬೇಕು. ನೀ ಉಲ್ಟಾ ಓದೀ. ಇದು ಕೆಂಪು, ಕಪ್ಪು, ಕಂದು. 200!" ಎಂದ. 10 ಮಿಲಿಆಂಪ್ ಕುಡಿಯಬೇಕಾದ ಬಡಪಾಯಿಗೆ 54 ಕುಡಿಸಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ‘ಎಡದಿಂದ ಬಲಕ್ಕೆ ಓದ್ರೋ’ ಅಂದವನು ನಾನು.

ಎರಡನೇ ಎಲ್‌ಇಡಿಗೆ ಪಟ್ಟಿ ಓದಿದ್ದು ಮೊಮ್ಮಗ, ಬೆಸೆದದ್ದು ನಾನು. ಬೆಳಕು ಮಂದ, ತಣ್ಣಗೆ, ಸ್ಥಿರ. 7.095 ಎಂದು ಅಂಕಿ ಎದ್ದು ನಿಂತಿತು.

ಅಂದೇ ರಾತ್ರಿ ಊರಿಗೆಲ್ಲ ಕರೆಂಟು ಹೋಯಿತು. ಸೆಟ್ಟು ಬ್ಯಾಟರಿಯ ಮೇಲಿದ್ದದ್ದರಿಂದ ನಮ್ಮ ಓಣಿಯಲ್ಲಿ ಬೆಳಗುತ್ತಿದ್ದದ್ದು ಅದೊಂದೇ. ಗಿರಣಿಯ ಗದ್ದಲವೂ ನಿಂತು ದೂರದ ದನಿಗಳು ತೊಳೆದಿಟ್ಟಂತೆ ಬರುತ್ತಿದ್ದವು. ಮೈಕು ಹಿಡಿದು ಇನ್ನೇನು ಕರೆಯಬೇಕು, ಆಕೆ ಮೊರದ ತುಂಬ ಬಳ್ಳೊಳ್ಳಿ ತಂದು ಡಿಸ್‌ಪ್ಲೇ ಮುಂದೆ ಕೂತಳು.

"ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಆಗೀರಿ."